ಟ್ರೋಮ್ಸೊ–ಲಾಂಗಿಯರ್‌ಬಿಯೆನ್: ದೂರದ ಅಂಕಿ ಮೂರು ಬಗೆ, ಹಾರಾಟದ ಹೊತ್ತು ಎರಡು ಬಗೆ, ಯಾವುದನ್ನು ನಂಬಬೇಕು?

ಪ್ರಶ್ನೆ: ಹಳೆಯ ಸ್ಟೇಷನ್ ಮಾಸ್ಟರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಉತ್ತರ ನಾರ್ವೆಯ ಟ್ರೋಮ್ಸೊ ನಗರದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಬರುವ ಫೆಬ್ರವರಿಯ ಮೊದಲ ವಾರದಲ್ಲಿ ಅವಳು ಅಲ್ಲಿಂದ ಇನ್ನೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗಿಯರ್‌ಬಿಯೆನ್ ಎಂಬ ಊರಿಗೆ, ಚಳಿಗಾಲದ ಕೋರ್ಸೊಂದಕ್ಕೆ ಹೋಗಬೇಕಾಗಿದೆ. ಅವಳನ್ನು ಬಿಟ್ಟುಬರುವ ನೆಪ ಮಾಡಿಕೊಂಡು ನಾನೂ ನನ್ನ ಮನೆಯವರೂ ಜೊತೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.

ರೈಲ್ವೆಯಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಕಿಲೋಮೀಟರ್ ಎಂದರೆ ಕಿಲೋಮೀಟರೇ. ಹಳಿಯ ಪಕ್ಕದ ಕಲ್ಲಿನ ಮೇಲೆ ಕೆತ್ತಿದ ಅಂಕಿಯೂ ವರ್ಕಿಂಗ್ ಟೈಂ ಟೇಬಲ್ಲಿನ ಅಂಕಿಯೂ ಬೇರೆಬೇರೆಯಾಗಿದ್ದರೆ ಯಾರಾದರೊಬ್ಬರು ಉತ್ತರ ಕೊಡಬೇಕಾಗುತ್ತಿತ್ತು. ಆದರೆ ಈ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಹುಡುಕಿದಾಗ ಒಂದು ಕಡೆ 958 ಕಿ.ಮೀ. ಎಂದೂ, ಇನ್ನೊಂದು ಕಡೆ 961 ಕಿ.ಮೀ. ಎಂದೂ, ಮೂರನೆಯ ಕಡೆ 517 ಮೈಲಿ ಎಂದೂ ಬರೆದಿದೆ. 517 ಮೈಲಿಯನ್ನು ನಾನು ಕಲಿತ ಲೆಕ್ಕದಂತೆ ಕಿಲೋಮೀಟರಿಗೆ ಬದಲಿಸಿದರೆ 832 ಬರುತ್ತದೆ, ಅದು ಮೊದಲೆರಡಕ್ಕೂ ಹೊಂದುವುದಿಲ್ಲ. ಹೊತ್ತಿನ ವಿಷಯವೂ ಹೀಗೆಯೇ ಇದ್ದು, ದೂರ ಲೆಕ್ಕ ಹಾಕಿಕೊಡುವ ಪುಟ 1 ಗಂಟೆ 10 ನಿಮಿಷ ಎಂದರೆ ನಮ್ಮ ಟಿಕೆಟ್ಟಿನಲ್ಲಿ 1 ಗಂಟೆ 40 ನಿಮಿಷ ಎಂದಿದೆ. ಇಷ್ಟು ಸಣ್ಣ ಪ್ರಯಾಣದಲ್ಲಿ ಅರ್ಧ ಗಂಟೆಯ ವ್ಯತ್ಯಾಸ ಎಲ್ಲಿಂದ ಬಂತು?

ಇನ್ನೊಂದು ಮಾತು. ನಮ್ಮ ಮನೆಯ ಗೋಡೆಯಲ್ಲಿ ಜಗತ್ತಿನ ದೊಡ್ಡ ನಕ್ಷೆಯಿದೆ. ಅದರ ಮೇಲೆ ಅಳತೆಪಟ್ಟಿಯಿಟ್ಟು ನೋಡಿದರೆ ಟ್ರೋಮ್ಸೊದಿಂದ ಲಾಂಗಿಯರ್‌ಬಿಯೆನ್‌ಗೆ ಇರುವ ಉದ್ದ ಕನ್ಯಾಕುಮಾರಿಯಿಂದ ಕಾಶ್ಮೀರದ ನೆತ್ತಿಯವರೆಗಿನ ಉದ್ದಕ್ಕೆ ಸರಿಸಮ ಬರುತ್ತದೆ. ಇದನ್ನು ಕಂಡ ಮೇಲೆ ನಮ್ಮ ಮನೆಯವರು, ನಡುವೆ ಇರುವುದೆಲ್ಲ ನೀರು, ಅಷ್ಟು ದೂರ ಒಂದೂವರೆ ಗಂಟೆಯಲ್ಲಿ ಹೇಗೆ ಹೋಗುತ್ತಾರೆ ಎಂದು ಕೇಳುತ್ತಿದ್ದಾರೆ. ನನಗೂ ಉತ್ತರ ಹೊಳೆಯುತ್ತಿಲ್ಲ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಲೆಕ್ಕದ ಮೇಷ್ಟ್ರು, ಮೈಸೂರು

ಮಾಸ್ಟರ್ ಅವರಿಗೆ ನಮಸ್ಕಾರ. ನಿಮ್ಮ ಅಳತೆಪಟ್ಟಿ ತಪ್ಪು ಹೇಳಿಲ್ಲ. ನಕ್ಷೆಯ ಗುಣವೇ ಹಾಗೆ. ಗೋಡೆಗೆ ಹಾಕುವ ಬಹುತೇಕ ಹಳೆಯ ನಕ್ಷೆಗಳೂ ಮೊಬೈಲಿನ ನಕ್ಷೆಗಳೂ ಮರ್ಕೇಟರ್ ಪ್ರಕ್ಷೇಪದವು. ದುಂಡಗಿನ ಭೂಮಿಯನ್ನು ಚೌಕದ ಹಾಳೆಗೆ ಬಿಡಿಸುವಾಗ, ಧ್ರುವದ ಕಡೆಗೆ ಹೋದಂತೆ ಕೂಡಿಕೊಳ್ಳಬೇಕಾದ ರೇಖಾಂಶದ ಗೆರೆಗಳನ್ನು ಸಮಾಂತರವಾಗಿ ನಿಲ್ಲಿಸಲು ಅಡ್ಡಲಾಗಿ ಎಷ್ಟು ಎಳೆಯುತ್ತಾರೋ ಅಷ್ಟನ್ನೇ ಉದ್ದಕ್ಕೂ ಎಳೆಯುತ್ತಾರೆ. ಟ್ರೋಮ್ಸೊದ ಅಕ್ಷಾಂಶದಲ್ಲಿ ಈ ಎಳೆತ 2.9 ಪಟ್ಟು, ಲಾಂಗಿಯರ್‌ಬಿಯೆನ್‌ನಲ್ಲಿ 4.9 ಪಟ್ಟು. ನಿಮ್ಮ ಮಾತು ಓದಿ ಕುತೂಹಲದಿಂದ ಲೆಕ್ಕ ಮಾಡಿದೆ: ಮರ್ಕೇಟರ್ ನಕ್ಷೆಯಲ್ಲಿ ಆ ಎರಡು ಊರುಗಳ ನಡುವಿನ ಎತ್ತರವೂ ಭಾರತದ ದಕ್ಷಿಣೋತ್ತರ ಎತ್ತರವೂ ನೂರಕ್ಕೆ ಒಂದು ಪಾಲಿನಷ್ಟೂ ವ್ಯತ್ಯಾಸವಿಲ್ಲದಂತೆ ಕೂಡುತ್ತವೆ. ನೆಲದ ಮೇಲೆ ಮಾತ್ರ ನಮ್ಮ ದೇಶದ ಉದ್ದ 3,214 ಕಿ.ಮೀ., ಅವರದು ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಮನೆಯಲ್ಲಿ ಮಕ್ಕಳ ಗೋಳವಿದ್ದರೆ ಒಂದು ಹೊಲಿಗೆ ದಾರ ತೆಗೆದುಕೊಳ್ಳಿ. 30 ಸೆಂಟಿಮೀಟರ್ ವ್ಯಾಸದ ಗೋಳದಲ್ಲಿ ಟ್ರೋಮ್ಸೊದಿಂದ ಲಾಂಗಿಯರ್‌ಬಿಯೆನ್‌ಗೆ ಎರಡೂಕಾಲು ಸೆಂಟಿಮೀಟರ್ ದಾರ ಸಾಕು. ಬೆಂಗಳೂರಿನಿಂದ ಮುಂಬಯಿಗೆ ಎರಡು ಸೆಂಟಿಮೀಟರ್ ಬೇಕು. ಮನೆಯವರಿಗೆ ಈ ದಾರವನ್ನೇ ತೋರಿಸಿ.

ಇನ್ನು ಅಂಕಿಗಳ ವಿಷಯ. ಟ್ರೋಮ್ಸೊ ನಿಲ್ದಾಣವಿರುವುದು 69.68 ಡಿಗ್ರಿ ಉತ್ತರ ಅಕ್ಷಾಂಶ, 18.92 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಲಾಂಗಿಯರ್‌ಬಿಯೆನ್ ನಿಲ್ದಾಣವಿರುವುದು 78.25 ಡಿಗ್ರಿ ಉತ್ತರ, 15.47 ಡಿಗ್ರಿ ಪೂರ್ವದಲ್ಲಿ. ರೇಖಾಂಶದಲ್ಲಿ ಮೂರೂವರೆ ಡಿಗ್ರಿ ಅಂತರವಿದೆ ಎಂದರೆ ನಮ್ಮ ಕಡೆ ಅದು ಮುನ್ನೂರೆಪ್ಪತ್ತು ಕಿಲೋಮೀಟರಾದೀತು. ಆದರೆ ಲಾಂಗಿಯರ್‌ಬಿಯೆನ್‌ನಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಇರುವುದು 23 ಕಿ.ಮೀ. ಮಾತ್ರ. ಹೀಗಾಗಿ ಈ ಪ್ರಯಾಣ ಹೆಚ್ಚುಕಡಿಮೆ ಒಂದೇ ರೇಖಾಂಶದ ಗೆರೆಯ ಮೇಲೆ ನೇರವಾಗಿ ಉತ್ತರಕ್ಕೆ ಏರುವ ಪ್ರಯಾಣ.

ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ನಿಷ್ಕೃಷ್ಟ ಗೋಳವೆಂದು ಭಾವಿಸಿ, ಗೋಳದ ಮೇಲಿನ ಎರಡು ಬಿಂದುಗಳ ದೂರ ಕೊಡುವ ಹ್ಯಾವರ್‌ಸೈನ್ ಸೂತ್ರ ಹಾಕಿದರೆ 958 ಕಿ.ಮೀ. ಬರುತ್ತದೆ. ಭೂಮಿ ನಿಜವಾಗಿ ಧ್ರುವಗಳ ಬಳಿ ತುಸು ಚಪ್ಪಟೆಯಾಗಿದೆ. ಚಪ್ಪಟೆಯಾದ ಕಡೆ ಬಾಗು ಕಡಿಮೆ, ಬಾಗು ಕಡಿಮೆಯಾದ ಕಡೆ ಒಂದು ಡಿಗ್ರಿ ತಿರುಗಲು ಹೆಚ್ಚು ದೂರ ನಡೆಯಬೇಕು. ಸಮಭಾಜಕದ ಬಳಿ ಒಂದು ಡಿಗ್ರಿ ಅಕ್ಷಾಂಶ 110.6 ಕಿ.ಮೀ. ಆದರೆ ಆ ಕಡಲಿನ ಮೇಲೆ 111.6 ಕಿ.ಮೀ. ಆ ಹೆಚ್ಚಳವನ್ನು ಲೆಕ್ಕಕ್ಕೆ ತೆಗೆದುಕೊಂಡ ಪುಟ 961 ಎನ್ನುತ್ತದೆ. ಎರಡೂ ಪುಟಗಳು ಲೆಕ್ಕ ತಪ್ಪಿಲ್ಲ. 961 ಎಂಬುದು ನೆಲಕ್ಕೆ ಹೆಚ್ಚು ಹತ್ತಿರ.

ಮೂರನೆಯ ಪುಟದ 517 ನಮ್ಮ ಮೈಲಿಯಲ್ಲ, ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಅದರಿಂದ ಗುಣಿಸಿ ನೋಡಿ, ಮೊದಲ ಪುಟದ ಅಂಕಿಯೇ ಬರುತ್ತದೆ. ನಾಟಿಕಲ್ ಮೈಲಿಯ ಸೊಗಸೆಂದರೆ ಅದು ಅಕ್ಷಾಂಶದ ಒಂದು ಕಲೆಗೆ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಸಮ. ನಿಮ್ಮ ಎರಡು ಊರುಗಳ ಅಕ್ಷಾಂಶದ ಅಂತರ 8 ಡಿಗ್ರಿ 34 ಕಲೆ. ಎಂಟನ್ನು ಅರವತ್ತರಿಂದ ಗುಣಿಸಿ ಮೂವತ್ತನಾಲ್ಕು ಕೂಡಿಸಿದರೆ 514. ಕ್ಯಾಲ್ಕುಲೇಟರ್ ಮುಟ್ಟದೆ ಮೂರು ಮೈಲಿಯ ಒಳಗೆ ಬಂದುಬಿಟ್ಟೆವು. ಮೈಲಿ ಎಂದಷ್ಟೇ ಬರೆದು ಯಾವ ಮೈಲಿ ಎಂದು ಹೇಳದಿರುವುದು ಆ ಪುಟದವರ ಸೋಮಾರಿತನ.

ಉತ್ತರ 2: ಆಕಾಶ_ಗಂಟೆ

ಮಾಸ್ಟರ್ ಅವರೇ, ವಿಷಯ ಬಹಳ ಸರಳವಾಗಿದೆ. ವಿಮಾನದ ವೇಗ ಗಂಟೆಗೆ 830 ಕಿ.ಮೀ.; 961ನ್ನು ಅದರಿಂದ ಭಾಗಿಸಿದರೆ 1 ಗಂಟೆ 10 ನಿಮಿಷ. ಉಳಿದ ಅರ್ಧ ಗಂಟೆಯನ್ನು ಕಂಪನಿಗಳು ತಡವಾಯಿತೆಂಬ ಕೆಟ್ಟ ಹೆಸರು ಬಾರದಿರಲೆಂದು ಸೇರಿಸಿಕೊಳ್ಳುತ್ತವೆ. ಅದರಲ್ಲಿ ಬೇರೆ ಯಾವ ರಹಸ್ಯವೂ ಇಲ್ಲ.

ಉತ್ತರ 3: ಮಾಜಿ ಫ್ಲೈಟ್ ಡಿಸ್ಪ್ಯಾಚರ್, ಬೆಂಗಳೂರು

ಮೇಲಿನವರ ಭಾಗಾಕಾರ ಸರಿ, ತೀರ್ಮಾನ ಸರಿಯಿಲ್ಲ. ಹನ್ನೊಂದು ವರ್ಷ ಹಾರಾಟದ ಯೋಜನೆ ಬರೆಯುವ ಕೆಲಸ ಮಾಡಿದವನಾಗಿ ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಟಿಕೆಟ್ಟಿನಲ್ಲಿ ಬರೆಯುವುದು ಹಾರಾಟದ ಹೊತ್ತಲ್ಲ, ಬ್ಲಾಕ್ ಟೈಂ. ಹೊರಡುವ ಕಡೆ ಚಕ್ರದ ಅಡಿಯ ಅಡ್ಡಗಟ್ಟೆ ತೆಗೆದ ಕ್ಷಣದಿಂದ ತಲುಪುವ ಕಡೆ ಮತ್ತೆ ಅಡ್ಡಗಟ್ಟೆ ಇಡುವ ಕ್ಷಣದವರೆಗಿನ ಹೊತ್ತು ಅದು. 830 ಕಿ.ಮೀ. ವೇಗವಾದರೂ ಮೇಲೇರಿದ ಬಳಿಕದ ಮಾತು. ಬೋಯಿಂಗ್ 737ರಂಥ ವಿಮಾನ ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷ, ಇಳಿಯಲು ಮತ್ತೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಈ ಎರಡೂ ಹಂತಗಳಲ್ಲಿ ವೇಗ ಕಡಿಮೆ ಇರುವುದರಿಂದ ಒಟ್ಟು ಹತ್ತು ನಿಮಿಷ ಹೆಚ್ಚಾಗುತ್ತದೆ. ಅಲ್ಲಿಗೆ ಗಾಳಿಯಲ್ಲಿರುವ ಹೊತ್ತು 1 ಗಂಟೆ 20 ನಿಮಿಷದ ಆಸುಪಾಸಿಗೆ ಬಂತು. ಅದರ ಮೇಲೆ ಹೊರಡುವಾಗಿನ ಟ್ಯಾಕ್ಸಿ (ವಿಮಾನ ನೆಲದ ಮೇಲೆ ಉರುಳುವುದು), ಚಳಿಗಾಲದಲ್ಲಿ ರೆಕ್ಕೆಯ ಹಿಮ ತೊಳೆಯುವ ಡೀ-ಐಸಿಂಗ್, ತಲುಪಿದ ಮೇಲಿನ ಟ್ಯಾಕ್ಸಿ ಇವಿಷ್ಟಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ. ಎಲ್ಲ ಕೂಡಿಸಿದರೆ ನಿಮ್ಮ ಟಿಕೆಟ್ಟಿನ ಅಂಕಿ ಬರುತ್ತದೆ. ಬೆಂಗಳೂರು–ಮುಂಬಯಿ ನಡುವಿನ ವಾಯುದೂರ 834 ಕಿ.ಮೀ. ಇದ್ದು, ಇದಕ್ಕಿಂತ ನೂರಿಪ್ಪತ್ತೇಳು ಕಿಲೋಮೀಟರ್ ಕಡಿಮೆಯಾದರೂ ಅದಕ್ಕೆ ಒಂದೂಮುಕ್ಕಾಲು ಗಂಟೆ ಬರೆಯುತ್ತಾರೆ, ಏಕೆಂದರೆ ಮುಂಬಯಿಯ ಮೇಲೆ ಸರದಿ ಕಾಯಬೇಕು. ಲಾಂಗಿಯರ್‌ಬಿಯೆನ್‌ನ ಮೇಲೆ ಸರದಿಯಿಲ್ಲ.

ಗಾಳಿಯನ್ನೂ ಕೆಲವರು ಕಾರಣವಾಗಿ ಹೇಳುವುದುಂಟು. ಗುವಾಹಾಟಿಯಿಂದ ದಿಲ್ಲಿಗೆ ಮರಳುವಾಗ ಹೋಗುವಾಗಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಪಶ್ಚಿಮದ ಎತ್ತರದ ಗಾಳಿಗೆ ಎದುರಾಗಿ ಹಾರಬೇಕಾದ್ದರಿಂದ. ಆದರೆ ಉತ್ತರದಿಕ್ಕಿನ ಈ ದಾರಿಯಲ್ಲಿ ಅದೇ ಗಾಳಿ ಪಕ್ಕೆಗೆ ಬಡಿಯುತ್ತದೆ. ಗಂಟೆಗೆ 150 ಕಿ.ಮೀ. ವೇಗದ ಅಡ್ಡಗಾಳಿ ಬೀಸಿದರೂ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸಿಕೊಂಡು ಹಾರುವ ವಿಮಾನದ ನೆಲವೇಗ 830ರಿಂದ 816ಕ್ಕೆ ಇಳಿಯುತ್ತದೆ, ಅಷ್ಟೆ. ಪ್ರಯಾಣ ಒಂದು ನಿಮಿಷದಷ್ಟು ಉದ್ದವಾದೀತು.

ನಿಜವಾಗಿ ಈ ದಾರಿಯನ್ನು ಬೇರೆ ಮಾಡುವುದು ಇಂಧನದ ಲೆಕ್ಕ. ಯಾವುದೇ ವಿಮಾನ ಹೊರಡುವಾಗ ಗುರಿ ಮುಟ್ಟಲು ಬೇಕಾದಷ್ಟೇ ಇಂಧನ ತುಂಬಿಸಿಕೊಂಡು ಹೊರಡುವುದಿಲ್ಲ. ಗುರಿಯಲ್ಲಿ ಇಳಿಯಲು ಆಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದದ್ದು, ಅಲ್ಲಿಗೆ ತಲುಪಿದ ಮೇಲೂ ಮೂವತ್ತು ನಿಮಿಷ ಸುತ್ತುವಷ್ಟು ಕೊನೆಯ ಮೀಸಲು, ದಾರಿಯ ಅನಿಶ್ಚಿತತೆಗೆ ಇನ್ನಷ್ಟು. ಬೆಂಗಳೂರಿಗೆ ಬರುವ ವಿಮಾನಕ್ಕೆ ಬದಲಿ ನಿಲ್ದಾಣವಾಗಿ ಚೆನ್ನೈ ಇದೆ, ಹೈದರಾಬಾದ್ ಇದೆ. ಲಾಂಗಿಯರ್‌ಬಿಯೆನ್‌ನ ಸುತ್ತ ಜೆಟ್ ಇಳಿಯುವಂಥ ಇನ್ನೊಂದು ಓಡುದಾರಿಯಿಲ್ಲದ ಕಾರಣ ಬದಲಿ ಎಂದರೆ ಮತ್ತೆ ಟ್ರೋಮ್ಸೊ ಅಥವಾ ಉತ್ತರ ನಾರ್ವೆಯ ಬೇರೊಂದು ನಿಲ್ದಾಣ. ಹೀಗಾಗಿ 961 ಕಿ.ಮೀ. ಹೋಗಲು ಹೊರಟ ವಿಮಾನ 1,922 ಕಿ.ಮೀ. ಹಾರುವ ಸಾಮಗ್ರಿ ಕಟ್ಟಿಕೊಂಡೇ ಹೊರಡುತ್ತದೆ. ಈ ಜಾತಿಯ ವಿಮಾನ ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಅದರಂತೆ ಹೋಗುವುದಕ್ಕೆ ಮೂರೂವರೆ ಟನ್ ಸಾಕಾಗುವ ಕಡೆ ಎಂಟು ಟನ್ನಿನಷ್ಟು ತುಂಬಬೇಕಾಗುತ್ತದೆ.

ಮನೆಯವರ ಆತಂಕಕ್ಕೆ ಒಂದು ಮಾತು ಹೇಳಬಹುದು. ನಟ್ಟನಡುವೆ ಒಂದು ಎಂಜಿನ್ ನಿಂತರೂ, ಉಳಿದ ಎಂಜಿನ್ನಿನಲ್ಲಿ ಹಿಂದಕ್ಕೋ ಮುಂದಕ್ಕೋ ತಲುಪಲು ನಲವತ್ತು ನಿಮಿಷ ಸಾಕು. ಎರಡು ಎಂಜಿನ್ನಿನ ವಿಮಾನಗಳಿಗೆ ವಿಶೇಷ ಅನುಮತಿಯಿಲ್ಲದೆ ಹಾರಲು ಇರುವ ಮಿತಿ ಅರವತ್ತು ನಿಮಿಷ. ಈ ದಾರಿ ಆ ಮಿತಿಯೊಳಗೇ ಇದೆ.

ಪ್ರಶ್ನೆ ಕೇಳಿದವರಿಂದ

ಮೇಷ್ಟ್ರಿಗೂ ಡಿಸ್ಪ್ಯಾಚರ್ ಅವರಿಗೂ ಕೃತಜ್ಞತೆಗಳು. ದಾರದ ಪ್ರಯೋಗ ಮಾಡಿದೆ. ನಮ್ಮ ಮನೆಯವರು ದಾರವನ್ನು ಎರಡು ಸಲ ತಾವೇ ಹಿಡಿದು ನೋಡಿ ಒಪ್ಪಿಕೊಂಡರು. ಬ್ಲಾಕ್ ಟೈಂ ಎಂಬುದು ನನಗೆ ಸಲೀಸಾಗಿ ಅರ್ಥವಾಯಿತು. ರೈಲಿನ ವೇಳಾಪಟ್ಟಿಯಲ್ಲಿ ಎಂಜಿನಿಯರಿಂಗ್ ಅಲೊವೆನ್ಸ್, ಟ್ರಾಫಿಕ್ ರಿಕವರಿ ಎಂದು ಕೊನೆಯ ಎರಡು ನಿಲ್ದಾಣಗಳ ನಡುವೆ ನಿಮಿಷಗಳನ್ನು ತುಂಬಿಸಿಡುತ್ತೇವೆ. ಹತ್ತು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷವೇಕೆ ಎಂದು ಕೇಳಿದ ಪ್ರಯಾಣಿಕರಿಗೆ ನಾನೇ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ನಮ್ಮ ರೈಲು ಗುರಿಯ ಹೊರಗಿನ ಸಿಗ್ನಲ್ಲಿನಿಂದ ಹೊರಟ ಊರಿಗೆ ವಾಪಸು ಹೋದದ್ದನ್ನು ನಾನು ಕಂಡಿಲ್ಲ. ಅಲ್ಲಿ ಹಾಗೆ ನಿಜವಾಗಿಯೂ ಆಗುತ್ತದೆಯೇ?

ಉತ್ತರ 4: ಕಡಲಾಚೆಯ ಕುಂದಾಪುರದವಳು, ಟ್ರೋಮ್ಸೊ

ಆಗುತ್ತದೆ ಸರ್, ನನಗೇ ಆಗಿದೆ. ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಲಾಂಗಿಯರ್‌ಬಿಯೆನ್‌ಗೆ ನಾಲ್ಕು ಸಲ ಹೊರಟು ಮೂರು ಸಲ ತಲುಪಿದ್ದೇನೆ.

ತಲುಪದಿದ್ದ ಸಲ ಬೇಸಿಗೆಯ ದಿನ. ಹಿಮಬಿರುಗಾಳಿಯೇನೂ ಇರಲಿಲ್ಲ, ಇದ್ದದ್ದು ಮಂಜು. ಮೇಲಿನಿಂದ ನೋಡಿದರೆ ಬೆಟ್ಟಗಳ ನೆತ್ತಿಗಳೆಲ್ಲ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು, ಅವುಗಳ ನಡುವಿನ ಕಡಲ ಹಿನ್ನೀರು ಮಾತ್ರ ಹಾಲು ಸುರಿದಂತೆ ಮುಚ್ಚಿಕೊಂಡಿತ್ತು, ಮತ್ತು ಓಡುದಾರಿ ಇದ್ದದ್ದು ಆ ಹಾಲಿನ ಅಡಿಯಲ್ಲಿ. ವಿಮಾನ ಒಂದು ಸಲ ಇಳಿಯಲು ಯತ್ನಿಸಿ ಮೇಲೆದ್ದಿತು, ಇಪ್ಪತ್ತು ನಿಮಿಷ ಸುತ್ತಿತು, ಆಮೇಲೆ ಕ್ಯಾಪ್ಟನ್ ಬಹಳ ನಿರ್ಲಿಪ್ತ ದನಿಯಲ್ಲಿ ಟ್ರೋಮ್ಸೊಗೆ ಮರಳುತ್ತಿದ್ದೇವೆ ಎಂದರು. ಮೂರು ಗಂಟೆಗೂ ಹೆಚ್ಚು ಹಾರಿ, ಒಂದು ಲೋಟ ಕಾಫಿ ಕುಡಿದು, ಹೊರಟ ಬಾಗಿಲಿನಲ್ಲೇ ಇಳಿದೆವು. ಪಕ್ಕದ ಸೀಟಿನ ಸ್ಥಳೀಯ ಅಜ್ಜಿ ಹೆಣಿಗೆಯ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು, ಕಾಲ್ಚೀಲದ ಹಿಮ್ಮಡಿಯಾದರೂ ಮುಗಿಯಿತು ಎಂದು ನಕ್ಕರು. ಆದ್ದರಿಂದ ಕೋರ್ಸ್ ಶುರುವಾಗುವ ದಿನದ ಬೆಳಿಗ್ಗೆಗೆ ಟಿಕೆಟ್ ಮಾಡಿದ್ದರೆ ಒಂದು ದಿನ ಮುಂಚಿನದಕ್ಕೆ ಬದಲಿಸಿಕೊಳ್ಳಿ.

ಆ ನಿಲ್ದಾಣ ಇರುವ ಜಾಗವನ್ನು ನೋಡಿದರೆ ಅದು ಯಾಕೆ ಹಾಗೆ ಎಂದು ತಿಳಿಯುತ್ತದೆ. 1975ರಲ್ಲಿ ಆರಂಭವಾದ ಈ ನಿಲ್ದಾಣದ ಓಡುದಾರಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಬೆಟ್ಟ, ಅಡಿಯಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ ಎಂಬಂಥ ಜಾಗದಲ್ಲಿದೆ. ಅಡಿಯ ನೆಲದ ಮೇಲ್ಪದರ ಬೇಸಿಗೆಯಲ್ಲಿ ಸಡಿಲಗೊಳ್ಳುವುದರಿಂದ ಡಾಂಬರಿನಲ್ಲಿ ಉಬ್ಬುತಗ್ಗು ಏಳುತ್ತದೆ, ಅದನ್ನು ಸರಿಪಡಿಸುವುದು ಮುಗಿಯದ ಕೆಲಸ. ದಕ್ಷಿಣದಿಂದ ಬರುವ ವಿಮಾನ ಗಾಳಿ ನೋಡಿಕೊಂಡು ಪಶ್ಚಿಮದ ಇಸ್‌ಫ್ಯೋರ್ಡ್ ಎಂಬ ಕಡಲ ಹಿನ್ನೀರಿನ ಕಡೆಯಿಂದಲೋ ಪೂರ್ವದ ಕಣಿವೆಯ ಕಡೆಯಿಂದಲೋ ತಿರುಗಿ ಇಳಿಯಬೇಕು, ಹಾಗಾಗಿ ಮೇಷ್ಟ್ರು ಹೇಳಿದ 961ರ ಮೇಲೆ ಹತ್ತಾರು ಕಿಲೋಮೀಟರ್ ಸೇರುವುದೂ ಉಂಟು. 1996ರ ಆಗಸ್ಟ್ 29ರಂದು ರಷ್ಯಾದ ಟುಪೊಲೆವ್-154 ವಿಮಾನವೊಂದು ಪೂರ್ವದ ಕಡೆಯಿಂದ ಬರುವಾಗ ಮೋಡದೊಳಗೆ ದಾರಿ ತಪ್ಪಿ ಓಪೆರಾಫ್ಯೆಲ್ಲೆಟ್ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 141 ಮಂದಿಯೂ ಸತ್ತರು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಮಂಜಿದ್ದರೆ ಹಟ ಮಾಡದೆ ಮರಳುವ ಕ್ಯಾಪ್ಟನ್ನರ ಬಗ್ಗೆ ನಾನೂ ಮೊದಲು ಗೊಣಗುತ್ತಿದ್ದವಳೇ, ಇದನ್ನು ಓದಿದ ಮೇಲೆ ನಿಲ್ಲಿಸಿದೆ.

ಹೊತ್ತಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ವಲಯದ (ತಮ್ಮ ನಡುವೆ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟದ) ಹೊರಗಿದೆ. ಆದ್ದರಿಂದ ಟ್ರೋಮ್ಸೊದಲ್ಲೇ ಪಾಸ್‌ಪೋರ್ಟ್ ತಪಾಸಣೆಯಾಗುತ್ತದೆ. ದೇಶದೊಳಗಿನ ವಿಮಾನವಲ್ಲವೇ ಎಂದು ಕೊನೆಯ ಗಳಿಗೆಗೆ ಬರಬೇಡಿ. ಅದಕ್ಕಿಂತ ಮುಖ್ಯವಾದ ಮಾತು: ನಿಮ್ಮಿಬ್ಬರ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಾಂಗಿಯರ್‌ಬಿಯೆನ್‌ಗೆ ಹೊರಟಾಗಲೇ ಅದು ಮುಗಿದುಹೋಗುತ್ತದೆ, ಮರಳಿ ಟ್ರೋಮ್ಸೊಗೆ ಬರಲು ಇನ್ನೊಂದು ಪ್ರವೇಶ ಬೇಕು. ಬಹುಪ್ರವೇಶದ ವೀಸಾವನ್ನೇ ಕೇಳಿ ಪಡೆದುಕೊಳ್ಳಿ. ಗಡಿಯಾರವನ್ನು ಮಾತ್ರ ತಿರುಗಿಸಬೇಕಾಗಿಲ್ಲ, ಎರಡು ಊರಿಗೂ ಒಂದೇ ಕಾಲಮಾನ.

ಹಗಲಿನ ವಿಮಾನವಾದರೆ ಬಲಗಡೆಯ ಕಿಟಕಿ ಹಿಡಿಯಿರಿ. ಅರ್ಧ ದಾರಿಗೆ ಬಂದಾಗ ಬ್ಯೋರ್ನೊಯಾ, ಅಂದರೆ ಕರಡಿ ದ್ವೀಪ, ಆ ಬದಿಯಲ್ಲಿ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿರುತ್ತದೆ. ನನಗೆ ನಾಲ್ಕು ಸಲದಲ್ಲಿ ಒಂದು ಸಲವೂ ಕಾಣಲಿಲ್ಲ, ಬರೀ ಮೋಡ.

ಉತ್ತರ 5: ಹಿಮನದಿ ವಿದ್ಯಾರ್ಥಿ

ಲಾಂಗಿಯರ್‌ಬಿಯೆನ್ ಕೊನೆಯ ನಿಲ್ದಾಣವಲ್ಲ ಎಂಬುದನ್ನು ಸೇರಿಸಲು ಬಯಸುತ್ತೇನೆ. ಅದು ನಿಗದಿತ ಪ್ರಯಾಣಿಕ ವಿಮಾನಗಳು ಹೋಗುವ ಜಗತ್ತಿನ ಅತ್ಯಂತ ಉತ್ತರದ ಸಾರ್ವಜನಿಕ ನಿಲ್ದಾಣ ಎಂಬುದು ನಿಜ. ಆದರೆ ಅಲ್ಲಿಂದ ವಾಯವ್ಯಕ್ಕೆ 110 ಕಿ.ಮೀ. ದೂರದ ನ್ಯೂ ಓಲೆಸುಂಡ್ ಎಂಬ ಸಂಶೋಧನಾ ವಸತಿಗೆ ಸಂಶೋಧಕರನ್ನು ಕರೆದೊಯ್ಯುವ ಸಣ್ಣ ವಿಮಾನವಿದೆ. ನಮ್ಮ ದೇಶದ ಹಿಮಾದ್ರಿ ಕೇಂದ್ರ 2008ರ ಜುಲೈ 1ರಿಂದ ಅಲ್ಲಿ ಕೆಲಸ ಮಾಡುತ್ತಿದೆ. 2023ರ ಡಿಸೆಂಬರಿನಲ್ಲಿ ಭಾರತ ಮೊದಲ ಸಲ ಚಳಿಗಾಲದ ಆರ್ಕ್ಟಿಕ್ ಯಾತ್ರೆಗೆ ತಂಡ ಕಳಿಸಿದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು.

ನಾನು ಹೋದಾಗ ಆ ವಿಮಾನ ಡಾರ್ನಿಯರ್ 228 ಆಗಿತ್ತು. ಇದೇ ಜಾತಿಯ ವಿಮಾನವನ್ನು ನಮ್ಮ ಎಚ್‌ಎಎಲ್ ಪರವಾನಗಿ ಪಡೆದು ಕಾನ್ಪುರದಲ್ಲಿ ತಯಾರಿಸುತ್ತದೆ ಎಂದು ಪೈಲಟ್ಟಿಗೆ ಹೇಳಿ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಹತ್ತುವ ಮೊದಲು ಚೀಲವನ್ನಷ್ಟೇ ಅಲ್ಲದೆ ನಮ್ಮನ್ನೂ ತೂಕ ಮಾಡಿದರು. ಹಾರಾಟ ಇಪ್ಪತ್ತೈದು ನಿಮಿಷ, 110 ಕಿ.ಮೀ.ಗೆ ಇಪ್ಪತ್ತೈದು ನಿಮಿಷ, 961 ಕಿ.ಮೀ.ಗೆ ಎಂಬತ್ತು ನಿಮಿಷ ಎಂದರೆ, ದೂರ ಚಿಕ್ಕದಾದಷ್ಟೂ ಏರುವುದು ಇಳಿಯುವುದರ ಪಾಲು ದೊಡ್ಡದಾಗುತ್ತದೆ ಎಂಬ ಡಿಸ್ಪ್ಯಾಚರ್ ಅವರ ಮಾತಿಗೆ ಇನ್ನೊಂದು ಪುರಾವೆ ಸಿಕ್ಕಂತಾಯಿತು. ಡಾರ್ನಿಯರ್ ಜೆಟ್ಟಿಗಿಂತ ನಿಧಾನ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ ಕೇಳಿದವರಿಂದ, ಪ್ರಯಾಣದ ಬಳಿಕ

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಹೋಗಿ ಬಂದೆವು. ಕುಂದಾಪುರದ ತಂಗಿಯ ಸಲಹೆಯಂತೆ ಒಂದು ದಿನ ಮುಂಚೆ ಹೊರಟಿದ್ದೆವು, ಬಹುಪ್ರವೇಶದ ವೀಸಾ ಮಾಡಿಸಿಕೊಂಡಿದ್ದೆವು. ಹಳೆಯ ಅಭ್ಯಾಸದಂತೆ ಜೇಬಿನ ಪುಸ್ತಕದಲ್ಲಿ ಹೊತ್ತು ಬರೆದಿಟ್ಟಿದ್ದೇನೆ, ಅದನ್ನಿಲ್ಲಿ ಒಪ್ಪಿಸುತ್ತೇನೆ.

ಟಿಕೆಟ್ಟಿನ ಪ್ರಕಾರ ಹೊರಡಬೇಕಾದದ್ದು 10:35ಕ್ಕೆ, ತಲುಪಬೇಕಾದದ್ದು 12:15ಕ್ಕೆ. ವಿಮಾನ ಕದಲಿದ್ದು 10:40ಕ್ಕೆ. ಆಮೇಲೆ ಒಂದು ಕಡೆ ನಿಲ್ಲಿಸಿ ಎರಡು ಬದಿಯಿಂದ ಲಾರಿಗಳು ಬಂದು, ಎತ್ತರದ ತೊಟ್ಟಿಲಿನಲ್ಲಿ ನಿಂತವರು ರೆಕ್ಕೆಗೆ ಮೊದಲು ಕಿತ್ತಳೆ ಬಣ್ಣದ್ದನ್ನೂ ಅನಂತರ ಹಸಿರು ಬಣ್ಣದ್ದನ್ನೂ ಪಿಚಕಾರಿ ಹೊಡೆದರು. ಮಾವಿನ ತೋಪಿಗೆ ಔಷಧಿ ಹೊಡೆಯುವುದನ್ನು ಕಂಡ ನಮ್ಮ ಮನೆಯವರಿಗೆ ಅದು ಬಹಳ ಮೆಚ್ಚುಗೆಯಾಯಿತು. ಚಕ್ರ ನೆಲ ಬಿಟ್ಟದ್ದು 11:01ಕ್ಕೆ. ಚಕ್ರ ನೆಲ ಮುಟ್ಟಿದ್ದು 12:20ಕ್ಕೆ. ವಿಮಾನ ನಿಂತದ್ದು 12:25ಕ್ಕೆ. ಗಾಳಿಯಲ್ಲಿದ್ದದ್ದು 1 ಗಂಟೆ 19 ನಿಮಿಷ, ಅಡ್ಡಗಟ್ಟೆಯಿಂದ ಅಡ್ಡಗಟ್ಟೆಗೆ 1 ಗಂಟೆ 45 ನಿಮಿಷ, ತಲುಪಿದ್ದು ಹತ್ತು ನಿಮಿಷ ತಡ. ಗಾಳಿಯಲ್ಲಿದ್ದ ಹೊತ್ತಿಗೂ ಡಿಸ್ಪ್ಯಾಚರ್ ಅವರ ಅಂದಾಜಿಗೂ ಒಂದು ನಿಮಿಷದ ಅಂತರ. ಕರಡಿ ದ್ವೀಪ ನಮಗೂ ಕಾಣಲಿಲ್ಲ.

ಯಾರೂ ಮುಂಚೆ ಹೇಳದಿದ್ದ ಒಂದು ಸಂಗತಿಯನ್ನು ಕಂಡೆವು. ಟ್ರೋಮ್ಸೊ ಬಿಟ್ಟಾಗ ಬಲಗಡೆಯ ಕಿಟಕಿಗಳಲ್ಲಿ ಹಿಂದಿನಿಂದ ಓರೆಯಾಗಿ ಬಿಸಿಲು ಬೀಳುತ್ತಿತ್ತು. ಗಡಿಯಾರ ಮಧ್ಯಾಹ್ನದ ಕಡೆಗೆ ಹೋದಂತೆ ಬಿಸಿಲು ಏರುವ ಬದಲು ಕೆಂಪಾಗುತ್ತ ಹೋಯಿತು. ಹನ್ನೆರಡು ಗಂಟೆ ದಾಟಿ ವಿಮಾನ ಇಳಿಯಲು ಆರಂಭಿಸಿದ ಮೇಲೆ ಅದು ರೆಕ್ಕೆಯ ತುದಿಯಿಂದ ಆರಿಯೇ ಹೋಗಿ, ನಟ್ಟ ನಡುಹಗಲಿನಲ್ಲಿ ನಾವು ನೀಲಿ ಮುಸ್ಸಂಜೆಯೊಳಗೆ ಇಳಿದೆವು. ಮಗಳು ಆಮೇಲೆ ವಿವರಿಸಿದಳು: ಎಂಟೂವರೆ ಡಿಗ್ರಿ ಉತ್ತರಕ್ಕೆ ಹೋದರೆ ಮಧ್ಯಾಹ್ನದ ಸೂರ್ಯ ಎಂಟೂವರೆ ಡಿಗ್ರಿ ಕೆಳಗಿಳಿಯುತ್ತಾನೆ, ಆ ವಾರ ಟ್ರೋಮ್ಸೊದಲ್ಲಿ ಅವನಿದ್ದದ್ದೇ ನಾಲ್ಕು ಡಿಗ್ರಿ ಮೇಲೆ. ಲಾಂಗಿಯರ್‌ಬಿಯೆನ್ ಊರಿನೊಳಗೆ, ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ, ಬಿಸಿಲು ಬೀಳುವುದು ಮಾರ್ಚ್ 8ಕ್ಕಂತೆ. ಅಂದು ಊರಿನವರೆಲ್ಲ ಅಲ್ಲಿ ಸೇರಿ ಕಾಯುತ್ತಾರಂತೆ. ಅಷ್ಟು ದಿನ ಉಳಿಯುವುದು ನಮ್ಮಿಂದಾಗಲಿಲ್ಲ.

ಸಾಮಾನು ಬರುವ ಬೆಲ್ಟಿನ ನಡುವೆ ಒಣಹುಲ್ಲು ತುಂಬಿದಂಥ ದೊಡ್ಡ ಹಿಮಕರಡಿಯನ್ನು ನಿಲ್ಲಿಸಿದ್ದಾರೆ. ಹೊರಗೆ ಜಗತ್ತಿನ ಊರೂರುಗಳ ದೂರ ಬರೆದ ಹಲಗೆಗಳ ಕಂಬವಿದೆ. ನಾನು ಅದನ್ನು ಓದುತ್ತ ನಿಂತಾಗ ನಮ್ಮ ಮನೆಯವರು, ಚಳಿ ಹಿಡಿಯುತ್ತದೆ, ಈಗಲಾದರೂ ಲೆಕ್ಕ ಬಿಟ್ಟು ಬಸ್ಸು ಹತ್ತಿ ಎಂದರು. ಮರಳುವಾಗಿನ ಹಾರಾಟ 1 ಗಂಟೆ 22 ನಿಮಿಷ. ಅಂದು ಟ್ರೋಮ್ಸೊದಲ್ಲಿ ದಕ್ಷಿಣದ ಗಾಳಿಯಿತ್ತು.